ದೀಪ ಹತ್ತುವ ತನಕ ದೊಡ್ಡಮ್ಮನ ರಾಜ್ಯಭಾರ

ನಮ್ಮ ದೊಡ್ಡಮ್ಮ ಒಂದು ಲಾಂಡ್ರಿಯಲ್ಲಿ ಇಸ್ತ್ರಿಯ ಕೆಲಸ ಮಾಡುತ್ತಾಳೆ. ಕೈಯಲ್ಲಿ ಹಿಡಿಯುವ ಇಸ್ತ್ರಿಪೆಟ್ಟಿಗೆಯ ಕೆಲಸವಲ್ಲ. ಅಲ್ಲಿ ಮಂಚದಷ್ಟು ಉದ್ದದ ಉರುಳೆಯೊಂದು ಬಿಸಿಯಾಗಿ ತಿರುಗುತ್ತಿರುತ್ತದೆ. ಅದರ ಬಾಯಿಗೆ ಒದ್ದೆ ಹೊದಿಕೆಯ ಅಂಚು ಕೊಟ್ಟರೆ ಆ ಕಡೆಯಿಂದ ಅದು ಹೊಸ ಕಾಗದದ ಹಾಗೆ ಗರಿಗರಿಯಾಗಿ ಹೊರಗೆ ಬರುತ್ತದೆ. ಉರುಳೆಯ ಮುಂದೆ, ಎದೆಯ ಎತ್ತರದಲ್ಲಿ, ಈ ಗೋಡೆಯಿಂದ ಆ ಗೋಡೆಯವರೆಗೆ ಒಂದು ಕೆಂಪು ಹಗ್ಗ ಕಟ್ಟಿದೆ. ಯಾರದಾದರೂ ಬೆರಳು ಬಟ್ಟೆಯ ಜೊತೆ ಒಳಗೆ ಹೋಗುವ ಹಾಗೆ ಕಂಡರೆ ಹತ್ತಿರ ಇದ್ದವರು ಹಗ್ಗ ಎಳೆಯಬೇಕು. ಉರುಳೆ ಇದ್ದಲ್ಲೇ ನಿಂತುಬಿಡುತ್ತದೆ. ಎಳೆಯಲು ಯಾರ ಅಪ್ಪಣೆಯೂ ಬೇಡ. ಎಳೆದವರನ್ನು ಮೊದಲೇ ಬೈಯುವ ಹಾಗೂ ಇಲ್ಲ. ಮೊದಲು ಎಲ್ಲರ ಬೆರಳು ನೋಡಬೇಕು, ಆಮೇಲೆ ಬೈಯಬಹುದು. ಇದು ಆ ಲಾಂಡ್ರಿಯ ಹಳೆಯ ಪದ್ಧತಿ. ಈ ಹಗ್ಗ ಮುಂದೆ ಬೇಕಾಗುತ್ತದೆ, ಅದಕ್ಕೇ ಮೊದಲೇ ಹೇಳಿದೆ.

ದೊಡ್ಡಮ್ಮ ಕುಳ್ಳಗೆ, ಗುಂಡಗೆ ಇದ್ದಾಳೆ. ನಕ್ಕರೆ ಮೊದಲು ಭುಜ ನಗುತ್ತದೆ, ಆಮೇಲೆ ಹೊಟ್ಟೆ, ಕೊನೆಗೆ ಬಾಯಿ. ಎಡಗೈ ಮಣಿಕಟ್ಟಿನ ಮೇಲೆ ಎಲೆಯಾಕಾರದ ಒಂದು ಸುಟ್ಟ ಕಲೆ ಇದೆ. ಕೆಲಸಕ್ಕೆ ಸೇರಿದ ಮೊದಲ ದಿನ ಉರುಳೆ ಕೊಟ್ಟ ಬಳುವಳಿ ಅದು ಎನ್ನುತ್ತಾಳೆ. ಉರುಳೆಯ ಪಕ್ಕದ ಕಿಟಕಿಯಲ್ಲಿ ಅವಳ ರೇಡಿಯೋ ಇದೆ. ಮಧ್ಯಾಹ್ನದ ಹೊತ್ತು ಅದರಲ್ಲಿ ತಿಳಿದವರು ಬಂದು, ರಾಜರ ಆಳ್ವಿಕೆ ಹೇಗಿತ್ತು, ಗಣರಾಜ್ಯ ಎಂದರೇನು, ಸರ್ವಾಧಿಕಾರ ಯಾಕೆ ಬರುತ್ತದೆ ಎಂದೆಲ್ಲ ಮಾತಾಡುತ್ತಾರೆ. ದೊಡ್ಡಮ್ಮ ಬಟ್ಟೆ ಕೊಡುತ್ತಾ ಕೊಡುತ್ತಾ ಅವರಿಗೆ ಉತ್ತರ ಹೇಳುತ್ತಾಳೆ. "ಅಲ್ಲಪ್ಪಾ ಮಹಾರಾಯ, ರಾಜ ಒಳ್ಳೆಯವನಾಗಿದ್ರೆ ಅಂತೀಯಲ್ಲ, ಅವನ ಮಗ ಹೇಗೆ ಅಂತ ಯಾರು ನೋಡಿದ್ರು?" ರೇಡಿಯೋ ಯಾವತ್ತೂ ಅವಳಿಗೆ ಎದುರಾಡಿಲ್ಲ. ಅದಕ್ಕೇ ತಾನು ವಾದದಲ್ಲಿ ಗಟ್ಟಿಗಿತ್ತಿ ಎಂದು ಅವಳಿಗೆ ನಂಬಿಕೆ.

ಮನೆಯಲ್ಲಿ ಆ ನಂಬಿಕೆಗೆ ಜಾಗವಿಲ್ಲ. ಮನೆಯಲ್ಲಿ ಅಜ್ಜಿಯ ರಾಜ್ಯ. ಅಜ್ಜಿ ದೊಡ್ಡಮ್ಮನ ಅತ್ತೆ. ಅಡುಗೆಮನೆಯ ಬಾಗಿಲಲ್ಲಿ ಅವಳ ಬೆತ್ತದ ಕುರ್ಚಿ. ಅದನ್ನು ದಾಟದೆ ಯಾರೂ ಒಳಗೂ ಹೋಗಲಾರರು, ಹೊರಗೂ ಬರಲಾರರು. ಯಾವ ದೀಪ ಯಾವಾಗ ಆರಬೇಕು, ಯಾರು ಮೊದಲು ಸ್ನಾನಕ್ಕೆ ಹೋಗಬೇಕು ಎನ್ನುವುದೆಲ್ಲ ಆ ಕುರ್ಚಿಯಿಂದ ಹೊರಡುತ್ತದೆ. ಕೈಗಡಿಯಾರ ರಿಪೇರಿ ಮಾಡುವ ದೊಡ್ಡಪ್ಪ ಆ ರಾಜ್ಯದ ನಿಷ್ಠಾವಂತ ಪ್ರಜೆ. ಊರಿನವರ ಗಡಿಯಾರವನ್ನೆಲ್ಲ ಸರಿಮಾಡುವ ಅವನು ತನ್ನ ಊಟದ ಹೊತ್ತನ್ನು ಮಾತ್ರ ಅಜ್ಜಿಯನ್ನೇ ಕೇಳುತ್ತಾನೆ.

ಲಾಂಡ್ರಿಯ ಯಜಮಾನಿಯದೂ ಹೆಚ್ಚುಕಡಿಮೆ ಅಜ್ಜಿಯ ಪದ್ಧತಿಯೇ. ಎತ್ತರದ, ತೆಳ್ಳನೆಯ, ಮಾತು ಕಡಿಮೆಯ ಹೆಂಗಸು. ಹುಬ್ಬು ಏರಿಸಿದರೆ ಬೇಡ ಎಂದು, ಏರಿಸದಿದ್ದರೆ ಸರಿ ಎಂದು ಅರ್ಥ. ಸೊಂಟದಲ್ಲಿ ಕೀಲಿಕೈ ಗೊಂಚಲು. ಅದರ ಸದ್ದು ಮೆಟ್ಟಿಲಲ್ಲಿ ಕೇಳಿದರೆ ಸಾಕು, ಎಲ್ಲರ ಕೈಗೂ ಕೆಲಸ ನೆನಪಾಗುತ್ತಿತ್ತು. ಹೋದ ವರ್ಷ ಒಂದು ಬೆಳಿಗ್ಗೆ ಅವಳು ಯಂತ್ರಗಳನ್ನೆಲ್ಲ ನಿಲ್ಲಿಸಿ, ಇದ್ದ ಆರು ಜನರನ್ನೂ ಬಟ್ಟೆ ಮಡಚುವ ಮೇಜಿನ ಸುತ್ತ ನಿಲ್ಲಿಸಿದಳು.

"ನನ್ನ ಮಂಡಿ ಇನ್ನು ಈ ಮೆಟ್ಟಿಲು ಹತ್ತಲ್ಲ. ಮಗಳ ಮನೇಲಿ ಸ್ವಲ್ಪ ದಿನ ಇದ್ದು ಬರ್ತೀನಿ. ಬಂದಾಗ ಈ ಗೊಂಚಲು ಯಾರ ಕೈಗೆ ಕೊಡಬೇಕು ಅಂತ ನೀವೇ ಹೇಳಬೇಕು. ಹೇಳಿದ್ರೆ ಲಾಂಡ್ರಿ ನಿಮ್ಮದು, ನಡೆಸ್ಕೊಂಡು ಹೋಗಿ. ಹೇಳಕ್ಕಾಗಲಿಲ್ವಾ, ಪಕ್ಕದ ಸೋಫಾ ಅಂಗಡಿಯವರಿಗೆ ಗೋದಾಮು ಬೇಕಂತೆ."

ಸೋಫಾ ಅಂಗಡಿಯವನು ಆಗಲೇ ಬಾಗಿಲಲ್ಲಿ ನಿಂತಿದ್ದ. ಕೈಯಲ್ಲಿ ಅಳತೆ ಟೇಪು.

ಇಪ್ಪತ್ತು ವರ್ಷ ನಿಂತ ಜಾಗದಲ್ಲಿ ಯಾರದೋ ಸೋಫಾ ಕೂತುಕೊಳ್ಳುವುದನ್ನು ನೆನೆದು ದೊಡ್ಡಮ್ಮ ಮೇಜು ಬಿಟ್ಟು ಹೋಗಿ ತನ್ನ ಕಿಟಕಿಯ ಪಕ್ಕ ನಿಂತಳಂತೆ. ಬೇರೆ ಕಡೆ ಕೆಲಸ ಸಿಗುತ್ತಿತ್ತೋ ಏನೋ. ಆದರೆ ಬೇರೆ ಕಡೆ ಆ ಕಿಟಕಿ ಇರುವುದಿಲ್ಲ, ಆ ಉರುಳೆ ಇರುವುದಿಲ್ಲ, ಬೈಯಲು ಆ ಐದು ಜನ ಇರುವುದಿಲ್ಲ.

ಆ ಐದು ಜನ ಯಾರೆಂದರೆ: ಬೆಂಕಿಯ ಉಸ್ತುವಾರಿಯ ಬಾಯ್ಲರ್ ಮಾಮ, ವ್ಯಾನಿನ ಡ್ರೈವರ್, ಎರಡು ತೊಳೆಯುವ ಡ್ರಮ್ಮುಗಳನ್ನು ನೋಡಿಕೊಳ್ಳುವ ಅತ್ತಿಗೆ ಮತ್ತು ನಾದಿನಿ, ಬಟ್ಟೆ ಮಡಚುವ ತೂಕಡಿಕೆ. ತೂಕಡಿಕೆಗೆ ಬೇರೆ ಹೆಸರು ಇದ್ದಿರಬೇಕು, ಅವನಿಗೇ ಅದು ನೆನಪಿಲ್ಲ. ಅತ್ತಿಗೆ ನಾದಿನಿ ಎಂದರೆ ಒಬ್ಬಳ ಗಂಡನ ತಂಗಿ ಇನ್ನೊಬ್ಬಳು. ಯಾವುದೋ ಮದುವೆಯಲ್ಲಿ ಯಾರೋ ಯಾರನ್ನೋ ಊಟಕ್ಕೆ ಎಬ್ಬಿಸಲಿಲ್ಲವೆಂದು ಹತ್ತು ವರ್ಷದಿಂದ ಅವರಿಗೆ ನೇರ ಮಾತಿಲ್ಲ. ಅತ್ತಿಗೆ ತನ್ನ ಡ್ರಮ್ಮಿಗೆ ಹೇಳುತ್ತಾಳೆ, "ಯಾರಿಗಾದ್ರೂ ಕಿವಿ ಇದ್ರೆ ಕೇಳಿಸ್ಕೊಳ್ಳಲಿ, ಸೋಪು ಮುಗಿದಿದೆ." ನಾದಿನಿ ಮಾತಿಲ್ಲದೆ ತನ್ನ ಡ್ರಮ್ಮಿನ ಬಾಗಿಲನ್ನು ಸ್ವಲ್ಪ ಜೋರಾಗಿ ಹಾಕುತ್ತಾಳೆ.

ಯಜಮಾನಿಯ ಕಾರು ತಿರುವಿನಲ್ಲಿ ಮರೆಯಾಗುವ ಮೊದಲೇ ಬಾಯ್ಲರ್ ಮಾಮ ಎತ್ತರದ ಸ್ಟೂಲೊಂದನ್ನು ತಂದು ಲಾಂಡ್ರಿಯ ನಟ್ಟನಡುವೆ ಇಟ್ಟು ಕೂತುಬಿಟ್ಟ.

"ಬೆಂಕಿ ಯಾರ ಕೈಲಿದೆ?" ಎಂದ.

"ನಿಮ್ಮ ಕೈಲಿ, ಮಾಮ," ಎಂದ ಡ್ರೈವರ್.

"ಬೆಂಕಿ ಯಾರದ್ದೋ ಬಿಸಿನೀರು ಅವನದ್ದು. ಬಿಸಿನೀರು ಯಾರದ್ದೋ ಲಾಂಡ್ರಿ ಅವನದ್ದು. ಮುಗೀತು."

"ಅಲ್ಪನಿಗೆ ಐಶ್ವರ್ಯ ಬಂದ್ರೆ ಅರ್ಧರಾತ್ರೀಲಿ ಕೊಡೆ ಹಿಡಿದನಂತೆ," ಎಂದು ಅತ್ತಿಗೆ ಡ್ರಮ್ಮಿಗೆ ಹೇಳಿದಳು. ಆದರೆ ಎದುರು ನಿಲ್ಲುವ ಧೈರ್ಯ ಯಾರಿಗೂ ಬರಲಿಲ್ಲ. ಹಾಗೆ ರಾಜನ ಆಳ್ವಿಕೆ ಶುರುವಾಯಿತು.

ದೊಡ್ಡಮ್ಮ ಯಾರ ಬಗ್ಗೆ ಹೇಳುವಾಗಲೂ ನ್ಯಾಯ ತಪ್ಪುವುದಿಲ್ಲ. "ಮೊದಲನೇ ದಿನ ಸ್ವರ್ಗ ಕಣೇ," ಎಂದಳು ನನಗೆ. "ಒಬ್ಬ ಹೇಳೋನು, ಐದು ಜನ ಮಾಡೋರು. ಯಾರೂ ತಲೆ ಕೆರ್ಕೊಳ್ಳಲಿಲ್ಲ. ಕೆಲಸ ಹೊತ್ತಿಗೆ ಮುಂಚೆ ಮುಗೀತು. ನಾನು ರೇಡಿಯೋಗೆ ಹೇಳ್ದೆ, ನೋಡಪ್ಪಾ, ರಾಜ ಅಂದ್ರೆ ಹೀಗಿರಬೇಕು ಅಂತ."

ಎರಡನೆಯ ದಿನ ರಾಜ ಬಟ್ಟೆಯ ಗಂಟುಗಳನ್ನು ಅದಲುಬದಲು ಮಾಡಿ ವ್ಯಾನಿಗೆ ಹಾಕಿಸಿದ. ಹೋಟೆಲ್ಲಿನ ಮೇಜುಬಟ್ಟೆಗಳು ಈಜುಕೊಳಕ್ಕೆ ಹೋದವು, ಈಜುಕೊಳದ ಕೆಂಪು ಟವೆಲ್ಲುಗಳು ಹೋಟೆಲ್ಲಿಗೆ ಹೋದವು. ಈಜಿ ಮೇಲೆ ಬಂದವರು ಹಾಯಿಯಷ್ಟು ದೊಡ್ಡ ಬಿಳಿ ಬಟ್ಟೆಯೊಳಗೆ ಕಳೆದುಹೋಗಿ ಒಬ್ಬರಿಗೊಬ್ಬರು ಡಿಕ್ಕಿ ಹೊಡೆದರಂತೆ. ಹೋಟೆಲ್ಲಿನಲ್ಲಿ ಊಟಕ್ಕೆ ಕೂತವರು ಇದೇನು ಮೇಜಿಗೂ ಸ್ನಾನವೋ ಎಂದು ಕೇಳಿದರಂತೆ.

"ನಿನಗೆ ಗೊತ್ತಾಗಲಿಲ್ವೇನೋ?" ಎಂದು ದೊಡ್ಡಮ್ಮ ಡ್ರೈವರನ್ನು ಕೇಳಿದಳು.

"ಗೊತ್ತಾಯ್ತಕ್ಕಾ. ದಾರೀಲೇ ಗೊತ್ತಾಯ್ತು. ಆದ್ರೆ ರಾಜಾಜ್ಞೆ ಅಲ್ವಾ? ತಪ್ಪು ಅಂತ ಹೇಳಕ್ಕೆ ನಾನ್ಯಾರು?"

ಇದು ದೊಡ್ಡಮ್ಮನ ಮನಸ್ಸಿನಲ್ಲಿ ಕೂತಿತು. ರಾಜನ ತಪ್ಪು ರಾಜನಿಗೆ ಗೊತ್ತಾಗುವುದೇ ಕೊನೆಗೆ. ಅದಾದ ಮೇಲೆ ರಾಜನಿಗೆ ಹಲ್ಲುನೋವು ಬಂದು ಅವನು ಮನೆಯಲ್ಲಿ ಮಲಗಿದ. ಬಾಯ್ಲರ್ ಹಚ್ಚುವುದು ಹೇಗೆಂದು ಅವನು ಯಾರಿಗೂ ಹೇಳಿಕೊಟ್ಟಿರಲಿಲ್ಲ. ಒಬ್ಬನ ದವಡೆ ಊದಿದ್ದಕ್ಕೆ ಇಡೀ ರಾಜ್ಯ ತಣ್ಣೀರಿನಲ್ಲಿ ಕೂತಿತು. ಸೋಫಾ ಅಂಗಡಿಯವನು ಬಂದು ಈ ಗೋಡೆಯಿಂದ ಆ ಗೋಡೆಗೆ ಟೇಪು ಹಿಡಿದು, "ಮೂರು ಸೀಟಿಂದು ಇಲ್ಲಿ ಬರುತ್ತೆ," ಎಂದುಕೊಂಡು ಹೋದ.

ಹಲ್ಲು ಕೀಳಿಸಿಕೊಂಡು ಬಂದ ಮಾಮನಿಗೆ ಸ್ಟೂಲು ಸಿಗಲಿಲ್ಲ. ಅಷ್ಟರಲ್ಲಿ ದೊಡ್ಡಮ್ಮ ಅದರ ಮೇಲೆ ಹೂದಾನಿ ಇಟ್ಟು, "ಇನ್ಮೇಲೆ ಯಾರೂ ರಾಜ ಅಲ್ಲ. ಎಲ್ಲಾನೂ ಎಲ್ಲರೂ ಸೇರಿ ತೀರ್ಮಾನ ಮಾಡೋದು. ಕೈ ಎತ್ತೋದು, ಎಣಿಸೋದು," ಎಂದು ಸಾರಿಬಿಟ್ಟಿದ್ದಳು.

ಕೈ ಎತ್ತುವುದು ಮಜವಾಗಿತ್ತು. ಎಷ್ಟು ಮಜವೆಂದರೆ ಎಲ್ಲದಕ್ಕೂ ಎತ್ತಿದರು. ಕಿಟಕಿ ತೆಗೆಯಬೇಕೋ ಬೇಡವೋ, ಚಹಾಕ್ಕೆ ಸಕ್ಕರೆ ಮೊದಲೋ ಹಾಲು ಮೊದಲೋ, ರೇಡಿಯೋದಲ್ಲಿ ಹಾಡೋ ಮಾತೋ. ತೊಂದರೆ ಏನೆಂದರೆ ಅವರು ಆರು ಜನ. ಅತ್ತಿಗೆ ಕೈ ಎತ್ತಿದರೆ ನಾದಿನಿ ಇಳಿಸುತ್ತಿದ್ದಳು, ನಾದಿನಿ ಎತ್ತಿದರೆ ಅತ್ತಿಗೆ ಇಳಿಸುತ್ತಿದ್ದಳು. ಮಾಮ ಸೋತ ರಾಜನಾದ್ದರಿಂದ ದೊಡ್ಡಮ್ಮ ಹೇಳಿದ್ದಕ್ಕೆಲ್ಲ ವಿರುದ್ಧ. ಉಳಿದ ಇಬ್ಬರಲ್ಲಿ ತೂಕಡಿಕೆಯ ಕೈ ಮೇಲೆ ಹೋದದ್ದು ಆಕಳಿಕೆಗೋ ಒಪ್ಪಿಗೆಗೋ ಎಂದು ಮತ್ತೊಂದು ಚರ್ಚೆ. ಕೊನೆಗೆ ಮೂರು ಈ ಕಡೆ, ಮೂರು ಆ ಕಡೆ. ಕಿಟಕಿಯ ವಿಷಯ ಇತ್ಯರ್ಥವಾಗುವಷ್ಟರಲ್ಲಿ ಸೂರ್ಯನೇ ಮುಳುಗಿದ್ದ. ಊರಿನ ಕೊಳೆಯೆಲ್ಲ ಗಂಟು ಕಟ್ಟಿಕೊಂಡು ಬಾಗಿಲಲ್ಲಿ ಕೂತಿತ್ತು.

"ಹಾಗಾದ್ರೆ ಅದು ಕೆಟ್ಟದ್ದು ಅಂತಾಯ್ತಲ್ಲ," ಎಂದೆ ನಾನು.

"ಕೇಳು ಪೂರ್ತಿ," ಎಂದಳು ದೊಡ್ಡಮ್ಮ.

ಒಂದು ಸಭೆಯಲ್ಲಿ ಯಾವ ಸೋಪು ತರಿಸಬೇಕೆಂಬ ಪ್ರಶ್ನೆ ಬಂತಂತೆ. ಪ್ರತಿಯೊಬ್ಬರೂ ಒಂದು ಮಾತು ಆಡಲೇಬೇಕೆಂದು ನಿಯಮ. ನಾದಿನಿಯ ಸರದಿ ಬಂದಾಗ ಅವಳು ಮಾತಾಡದೆ ಎರಡೂ ಅಂಗೈಗಳನ್ನು ಮೇಜಿನ ಮೇಲೆ ಬಿಚ್ಚಿ ಇಟ್ಟಳು. ಚರ್ಮ ಸೀಳಿ, ಕೆಂಪಗೆ, ಒಣಗಿದ ಕೆರೆಯ ತಳದ ಹಾಗಿತ್ತು.

"ಈಗಿನ ಸೋಪು ಉರಿಯುತ್ತೆ," ಎಂದಳು.

"ಯಾವಾಗಿಂದ?"

"ಯಾರೂ ಕೇಳಿರಲಿಲ್ಲ."

ಆಮೇಲೆ ಅತ್ತಿಗೆ ಎದ್ದು ತನ್ನ ರಬ್ಬರ್ ಕೈಗವಸು ತಂದು ಮೇಜಿನ ಮೇಲೆ ಇಟ್ಟು, "ಯಾರಿಗಾದ್ರೂ ಬೇಕಾದ್ರೆ ತಗೊಳ್ಳಲಿ," ಎಂದು ಗೋಡೆಗೆ ಹೇಳಿದಳು. ಸೋಪು ಬದಲಾಯಿಸಲು ಆರು ಕೈ ಒಟ್ಟಿಗೆ ಮೇಲೆ ಹೋದವು. ಆ ಸಭೆಗಳಲ್ಲೆಲ್ಲ ಹಾಗಾದದ್ದು ಅದೊಂದೇ ಸಲ. ಯಜಮಾನಿಯ ಹುಬ್ಬಿಗಾಗಲಿ ಮಾಮನ ಸ್ಟೂಲಿಗಾಗಲಿ ನಾದಿನಿಯ ಆ ಅಂಗೈ ಕಂಡಿರಲಿಲ್ಲ ಎಂದು ದೊಡ್ಡಮ್ಮ ಈಗಲೂ ಹೇಳುತ್ತಾಳೆ.

ಆದರೂ ಗಂಟುಗಳು ಬಾಗಿಲಲ್ಲೇ ಇದ್ದವು. ರೇಡಿಯೋದಲ್ಲಿ ಯಾರೋ, ಹಿಂದಿನ ಕಾಲದಲ್ಲಿ ಕೆಲವು ಕಡೆ ಚೀಟಿ ಎತ್ತಿ ಅಧಿಕಾರಿಗಳನ್ನು ಆರಿಸುತ್ತಿದ್ದರು ಎಂದದ್ದೇ ತಡ, ದೊಡ್ಡಮ್ಮ ಒಂಟಿ ಕಾಲುಚೀಲಗಳ ಬುಟ್ಟಿಯನ್ನು ತಂದಳು. ಪ್ರತಿ ಲಾಂಡ್ರಿಯಲ್ಲೂ ಜೋಡಿ ಕಳೆದುಕೊಂಡ ಕಾಲುಚೀಲಗಳ ಒಂದು ಬುಟ್ಟಿ ಇರುತ್ತದೆ. ಕಣ್ಣು ಮುಚ್ಚಿ ಒಬ್ಬೊಬ್ಬರು ಒಂದೊಂದು ಎತ್ತುವುದು, ಹಿಮ್ಮಡಿ ತೂತಾದದ್ದು ಯಾರಿಗೆ ಬರುತ್ತದೋ ಅವರು ದೊರೆ. ತೂಕಡಿಕೆಗೆ ಬಂತು.

"ಅಯ್ಯೋ, ನಾನು ಬೇಡ," ಎಂದ ತೂಕಡಿಕೆ.

"ವಿಧಿ ಕಣೋ. ತೂತು ನಿನ್ನ ಹುಡ್ಕೊಂಡು ಬಂದಿದೆ," ಎಂದ ಮಾಮ.

ಎಲ್ಲರೂ ನಕ್ಕರು. ನಕ್ಕವರ ಬಾಯಿ ತೂಕಡಿಕೆ ಮುಚ್ಚಿಸಿದ. ಅವನಷ್ಟು ಸೋಮಾರಿ ಮನುಷ್ಯ ಆ ಬೀದಿಯಲ್ಲೇ ಇರಲಿಲ್ಲವಾದ್ದರಿಂದ, ಯಾವ ಯಾವ ಕೆಲಸ ಮಾಡದೆ ಇರಬಹುದು ಎನ್ನುವುದು ಅವನಿಗೆ ಮಾತ್ರ ಸರಿಯಾಗಿ ಗೊತ್ತಿತ್ತು. "ಡ್ರಮ್ಮಿಂದ ಮೇಜಿಗೆ ಯಾಕೆ ನಡೀಬೇಕು? ಮೇಜನ್ನೇ ಡ್ರಮ್ ಹತ್ರ ತಳ್ಳಿ," ಎಂದ. ತಳ್ಳಿದರು. "ಹೋಟೆಲ್ ಹೊದಿಕೆ ಮಡಚಿ, ಮತ್ತೆ ಬಿಚ್ಚಿ, ಎಣಿಸಿ, ಮತ್ತೆ ಮಡಚ್ತೀವಿ. ಮೊದಲೇ ಎಣಿಸಿದ್ರೆ?" ಎಂದ. ಯಜಮಾನಿಯ ಕಾಲದಿಂದ ಯಾರಿಗೂ ಹೊಳೆಯದ್ದು. ಗಂಟುಗಳೆಲ್ಲ ಕರಗಿದವು. ದೊರೆ ಅಷ್ಟು ಹೇಳಿ ಮಲಗಿದ.

ಮಲಗಿದ್ದೇ ತೊಂದರೆಯಾಯಿತು. ಡ್ರೈವರ್ ಬಂದು, "ದೊರೆಗಳೇ, ನಂಗೆ ಇವತ್ತು ರಜ ಬೇಕು," ಎಂದ. ತೂಕಡಿಸುವ ತಲೆ ಮುಂದಕ್ಕೆ ಬಾಗಿತು. ಅದನ್ನೇ ಒಪ್ಪಿಗೆ ಎಂದುಕೊಂಡು ಡ್ರೈವರ್ ಹೋದ. ಅದೇ ತಲೆಯಿಂದ ಅತ್ತಿಗೆಯೂ ರಜ ಪಡೆದಳು. ಮಾಮ ಸ್ಟೂಲು ವಾಪಸ್ಸು ಕೇಳಿ ಅದನ್ನೂ ಪಡೆದ. ಯಾರನ್ನು ಕೇಳಿದರೂ "ನಾನಲ್ಲ, ಕಾಲುಚೀಲ ಮಾಡಿದ್ದು" ಎನ್ನುವವರೇ.

ಆ ಸಂಜೆ ದೊಡ್ಡಮ್ಮ ಇದನ್ನೆಲ್ಲ ಊಟಕ್ಕೆ ಬಡಿಸುತ್ತಾ ಬಡಿಸುತ್ತಾ ಹೇಳಿದಳು. "ರಾಜ ಬೇಗ ಓಡ್ತಾನೆ, ಗುಂಡಿಗೂ ಬೇಗ ಬೀಳ್ತಾನೆ. ಎಲ್ಲರೂ ಸೇರಿದ್ರೆ ಗುಂಡಿ ಕಾಣುತ್ತೆ, ಆದ್ರೆ ಗುಂಡಿ ಮುಂದೆ ನಿಂತು ಸಂಜೆ ತನಕ ಮಾತಾಡ್ತೀವಿ. ಚೀಟಿ ದೊರೆಗೆ ಯಾರ ಹಂಗೂ ಇಲ್ಲ, ಒಳ್ಳೇದೇ. ಆದ್ರೆ ಯಾರ ಹಂಗೂ ಇಲ್ಲ ಅಂದ್ರೆ ಯಾರಿಗೂ ಉತ್ತರಾನೂ ಹೇಳಬೇಕಿಲ್ಲ. ಏನ್ ಮಾಡೋದು ಅತ್ತೆ?"

ಅಜ್ಜಿ ತನ್ನ ಕುರ್ಚಿಯಿಂದ, "ಮೊದಲು ಬಡಿಸೋದು ಮಾಡು," ಎಂದಳು.

ಮಾರನೆಯ ದಿನ ಯಜಮಾನಿಯ ಫೋನು ಬಂತು. ಇವತ್ತು ಸಂಜೆಯೇ ಬರುತ್ತಿದ್ದೇನೆ, ಯಾರ ಕೈ ಎಂದು ತೀರ್ಮಾನವಾಗಿದೆಯಲ್ಲವೇ ಎಂದು ಕೇಳಿದಳು. ಫೋನು ಹಿಡಿದಿದ್ದ ಡ್ರೈವರ್, "ಆಗೇ ಬಿಟ್ಟಿದೆ," ಎಂದು ಹೇಳಿ ಇಟ್ಟ.

"ಏನಾಗಿದೆಯೋ?" ಎಂದಳು ದೊಡ್ಡಮ್ಮ.

"ಗಾಬರಿ ಆಗಿದೆ ಅಕ್ಕಾ."

ಹಾಗೆ ಚುನಾವಣೆ ನಡೆಸುವುದೆಂದಾಯಿತು. ಒಂದು ಕಡೆ ಬಾಯ್ಲರ್ ಮಾಮ, ಒಂದು ಕಡೆ ದೊಡ್ಡಮ್ಮ. ಮಾಮ ಬಾಯ್ಲರಿನ ಬಿಸಿನೀರಿನಲ್ಲೇ ದಿನಕ್ಕೆ ನಾಲ್ಕು ಸಲ ಚಹಾ ಎಂದು ಭರವಸೆ ಕೊಟ್ಟ. ದೊಡ್ಡಮ್ಮ, "ನಾನು ಗೆದ್ರೆ ಎಲ್ಲರಿಗೂ ಒಂದೊಂದು ಕಿಟಕಿ!" ಎಂದಳು.

"ಇರೋದೇ ಒಂದು ಕಿಟಕಿ. ಎಲ್ಲಿಂದ ಬರುತ್ತಂತೆ?" ಎಂದು ಅತ್ತಿಗೆ ಡ್ರಮ್ಮನ್ನು ಕೇಳಿದಳು.

"ಗೆದ್ದ ಮೇಲೆ ಹೇಳ್ತೀನಿ!"

ಆ ಮಾತು ತನ್ನ ಬಾಯಿಗೆ ಎಲ್ಲಿಂದ ಬಂತೋ ತನಗೇ ಗೊತ್ತಾಗಲಿಲ್ಲ, ಆದರೆ ಬಂದ ರುಚಿ ಮಾತ್ರ ಚೆನ್ನಾಗಿತ್ತು ಎನ್ನುತ್ತಾಳೆ ದೊಡ್ಡಮ್ಮ.

ಮತ ಗುಟ್ಟಾಗಿರಬೇಕು, ಅದಕ್ಕೆ ಬಾಗಿಲಿರುವ ಪೆಟ್ಟಿಗೆ ಬೇಕು. ಲಾಂಡ್ರಿಯಲ್ಲಿ ಭದ್ರವಾದ ಬಾಗಿಲಿರುವುದು ತೊಳೆಯುವ ಡ್ರಮ್ಮಿಗೆ ಮಾತ್ರ. ಸರಿ, ನಾದಿನಿಯ ಡ್ರಮ್ಮೇ ಮತಪೆಟ್ಟಿಗೆ. ಈಜುಕೊಳದ ಕೆಂಪು ಟವೆಲ್ ಹಾಕಿದರೆ ಮಾಮನಿಗೆ, ಹೋಟೆಲ್ಲಿನ ಬಿಳಿ ಕರವಸ್ತ್ರ ಹಾಕಿದರೆ ದೊಡ್ಡಮ್ಮನಿಗೆ. ಒಬ್ಬೊಬ್ಬರಾಗಿ ಒಣಹಾಕಿದ ಹೊದಿಕೆಗಳ ಮರೆಗೆ ಹೋಗಿ, ಬೇಕಾದದ್ದನ್ನು ಏಪ್ರನ್ನಿನೊಳಗೆ ಬಚ್ಚಿಟ್ಟುಕೊಂಡು ಬಂದು ಹಾಕಬೇಕು. ತೂಕಡಿಕೆ ಹೊದಿಕೆಗಳ ರಾಶಿಯ ಮೇಲೆ ಗೊರಕೆ ಹೊಡೆಯುತ್ತಿದ್ದ.

"ಎಬ್ಬಿಸಬೇಡಿ!" ಎಂದ ಡ್ರೈವರ್. "ಅವನು ಮಲಗಿದ್ರೆ ನಾವು ಐದು ಜನ. ಸರಿಸಮ ಆಗಲ್ಲ."

ನಾಲ್ವರು ಹಾಕಿದರು. ದೊಡ್ಡಮ್ಮನದು ಕೊನೆಯದು. ಗುಟ್ಟು ಗುಟ್ಟಾಗಿರಲೆಂದು ನಾಲ್ವರೂ ಅಂಗಳಕ್ಕೆ ಹೋದರು. ದೊಡ್ಡಮ್ಮ ಹೊದಿಕೆಗಳ ಮರೆಯಲ್ಲಿ ನಿಂತು ಸ್ವಲ್ಪ ಹೊತ್ತು ಯೋಚಿಸಿದಳು. ತನಗೆ ತಾನೇ ಮತ ಹಾಕಿಕೊಳ್ಳುವುದು ಮರ್ಯಾದೆಯೇ? ಹಾಕಿಕೊಳ್ಳದಿರುವುದು ಬುದ್ಧಿವಂತಿಕೆಯೇ?

ಆ ಸ್ವಲ್ಪ ಹೊತ್ತಿನಲ್ಲಿ ತೂಕಡಿಕೆ ಎಚ್ಚರಗೊಂಡ. ಚುನಾವಣೆಯ ಸುದ್ದಿ ಅವನ ನಿದ್ದೆಗೆ ತಲುಪಿರಲಿಲ್ಲ. ಅವನು ಕಂಡದ್ದು ನಾಲ್ಕೇ ಬಟ್ಟೆ ಬಿದ್ದಿದ್ದ ದೊಡ್ಡ ಡ್ರಮ್ಮನ್ನು. ಆ ಲಾಂಡ್ರಿಯಲ್ಲಿ ಖಾಲಿ ಡ್ರಮ್ ತಿರುಗಿಸುವುದಕ್ಕಿಂತ ದೊಡ್ಡ ಪಾಪ ಇನ್ನೊಂದಿಲ್ಲ. ಎಷ್ಟು ಸೋಮಾರಿಯಾದರೂ ಅದನ್ನು ನೋಡಿ ಸುಮ್ಮನಿರಲಾರ. ಪಕ್ಕದಲ್ಲಿ ಹೋಟೆಲ್ಲಿನ ಬಿಳಿ ಮೇಜುಬಟ್ಟೆಗಳ ಗಂಟು ಇತ್ತು, ಆ ಸಂಜೆಯ ದೊಡ್ಡ ಔತಣಕ್ಕೆ ಬೇಕಾದದ್ದು. ಅಷ್ಟನ್ನೂ ಒಳಗೆ ತುರುಕಿ, ಕರ್ತವ್ಯ ಮುಗಿದ ನೆಮ್ಮದಿಯಲ್ಲಿ ಮತ್ತೆ ಮಲಗಿದ.

ದೊಡ್ಡಮ್ಮ ಬಂದಳು. ತನ್ನ ಬಟ್ಟೆಯನ್ನು ಕಣ್ಣು ಮುಚ್ಚಿ ಒಳಗೆ ಎಸೆದಳು. ಕಣ್ಣು ಬಿಟ್ಟರೆ ಎದುರಿಗೆ ತುಂಬಿದ ಡ್ರಮ್. ತುಂಬಿದ ಡ್ರಮ್ ಕಂಡ ಕೂಡಲೇ ಇಪ್ಪತ್ತು ವರ್ಷ ಪಳಗಿದ ಕೈ ಏನು ಮಾಡಬೇಕೋ ಅದನ್ನೇ ಮಾಡಿತು. ಬಾಗಿಲು ಹಾಕಿತು, ಗುಂಡಿ ಒತ್ತಿತು.

ನೀರು ಬೀಳುವ ಸದ್ದಿಗೆ ನಾಲ್ವರೂ ಅಂಗಳದಿಂದ ಓಡಿಬಂದರು.

"ಅಕ್ಕಾ! ಮತ ತೊಳೀತಿದೀರಾ?"

ನೀರು ತುಂಬಿದ ಮೇಲೆ ಆ ಡ್ರಮ್ಮಿನ ಬಾಗಿಲು ಒಗೆತ ಮುಗಿಯುವ ತನಕ ಯಾರಪ್ಪ ಬಂದರೂ ತೆರೆಯುವುದಿಲ್ಲ. ಐವರೂ ದುಂಡನೆಯ ಗಾಜಿನ ಮುಂದೆ ಮಂಡಿಯೂರಿ ಕೂತರು. ಮೊದಲು ಭಯವಾಯಿತಂತೆ. ಆಮೇಲೆ ಒಳಗೆ ಒಂದು ಕೆಂಪು ಟವೆಲ್ ಗಾಜಿಗೆ ಬಡಿದು ಮರೆಯಾಯಿತು.

"ಕೆಂಪು ಮುಂದೆ!" ಎಂದು ಮಾಮ ಕೂಗಿದ.

"ಬಿಳಿ! ಬಿಳಿ! ಬಿಳಿ ಎಷ್ಟಿದೆ ನೋಡಿ!" ಎಂದಳು ದೊಡ್ಡಮ್ಮ.

"ಅದು ಮತ ಅಲ್ಲ, ಮೇಜುಬಟ್ಟೆ!"

"ಮೇಜುಬಟ್ಟೇಗೆ ಮತ ಇಲ್ವಾ?"

"ನಾನು ಹಾಕಿದ್ದು ಅದೋ, ಅಲ್ಲಿ!" ಎಂದು ಡ್ರೈವರ್ ಗುಟ್ಟೆಲ್ಲ ಬಿಟ್ಟುಕೊಟ್ಟ. ಅತ್ತಿಗೆ ನಗು ತಡೆಯಲಾರದೆ ನಾದಿನಿಯ ಭುಜ ಹಿಡಿದಳು. ಹಿಡಿದದ್ದು ಯಾರ ಭುಜವೆಂದು ತಿಳಿದ ಮೇಲೆ ಕೈ ತೆಗೆಯುವುದೋ ಬೇಡವೋ ತಿಳಿಯದೆ ಅಲ್ಲೇ ಬಿಟ್ಟಳು. ಡ್ರಮ್ ತಿರುಗಿತು. ಕೆಂಪು, ಬಿಳಿ, ಕೆಂಪು, ಬಿಳಿ. ಆಮೇಲೆ ನೊರೆ ತೆಳ್ಳಗೆ ಗುಲಾಬಿಯಾಯಿತು. ಆಮೇಲೆ ದಟ್ಟ ಗುಲಾಬಿಯಾಯಿತು.

"ನೀರು ಮಾತ್ರ ಚೆನ್ನಾಗಿ ಕಾದಿದೆ," ಎಂದ ಮಾಮ ಮೆಲ್ಲಗೆ.

ಬಾಗಿಲು ತೆರೆದಾಗ ಕರವಸ್ತ್ರ, ಮೇಜುಬಟ್ಟೆ ಎಲ್ಲ ಗುಲಾಬಿ. ಯಾವುದು ಮತ, ಯಾವುದು ಊಟದ ಸಾಮಾನು ಎಂದು ಹೇಳುವಂತಿರಲಿಲ್ಲ. ಇಷ್ಟು ಗುಟ್ಟಾದ ಚುನಾವಣೆ ಎಲ್ಲೂ ನಡೆದಿರಲಾರದು. ಹೋಟೆಲ್ಲಿನವರು ಕತ್ತಲಾಗುವ ಮೊದಲು ಬಿಳಿ ಮೇಜುಬಟ್ಟೆ ಕೇಳುತ್ತಾರೆ. ಅದೇ ಹೊತ್ತಿಗೆ ಯಜಮಾನಿ ಬರುತ್ತಾಳೆ. ನಗು ನಿಂತಿತು. ಬಾಗಿಲಲ್ಲಿ ಸೋಫಾ ಅಂಗಡಿಯವನ ಟೇಪು ಸರ್ರೆಂದು ಸುತ್ತಿಕೊಂಡಿತು.

ದೊಡ್ಡಮ್ಮ ಮಾಮನ ಸ್ಟೂಲನ್ನು ಕಿಟಕಿ ಪಕ್ಕಕ್ಕೆ ಎಳೆದುಕೊಂಡು ಹತ್ತಿ ನಿಂತಳು.

"ಕೇಳಿ! ಈಗ ಕೈ ಎತ್ತಕ್ಕೆ ಹೊತ್ತಿಲ್ಲ, ಕಾಲುಚೀಲಕ್ಕೂ ಹೊತ್ತಿಲ್ಲ. ಬೀದಿದೀಪ ಹತ್ತೋ ತನಕ ನಾನು ಹೇಳಿದ್ದೇ ಆಗಬೇಕು. ದೀಪ ಹತ್ತಿದ ಮೇಲೆ ಬೇಕಾದ್ರೆ ಎಲ್ಲರೂ ಸೇರಿ ನನ್ನ ಬೈಯಿರಿ. ಆಗಬಹುದಾ?"

"ಆಗಬಹುದು," ಎಂದವು ನಾಲ್ಕು ಬಾಯಿಗಳು. ತೂಕಡಿಕೆ ಕೂಡ ಎದ್ದು ನಿಂತು, "ಏನಾಯ್ತು?" ಎಂದ. ಅದನ್ನೂ ಒಪ್ಪಿಗೆ ಎಂದೇ ಎಣಿಸಿದರು.

ಆ ಮಧ್ಯಾಹ್ನದ ಬಗ್ಗೆ ಹೇಳುವಾಗ ದೊಡ್ಡಮ್ಮನ ಕಣ್ಣು ಇವತ್ತಿಗೂ ಮಿನುಗುತ್ತದೆ. ಮಾಮನಿಗೆ ಬೆಂಕಿ ಏರಿಸೆಂದಳು, ಅತ್ತಿಗೆಗೆ ಬಿಳುಪು ಪುಡಿ ಕದಡೆಂದಳು, ನಾದಿನಿ ಮಾತ್ರ ಪುಡಿ ಮುಟ್ಟಕೂಡದೆಂದಳು. ಡ್ರೈವರ್ ಹೋಟೆಲ್ಲಿಗೆ ಹೋಗಿ ಬಾಗಿಲಲ್ಲೇ ನಿಂತು ಮಾತಾಡಿ ಹೊತ್ತು ತಳ್ಳಬೇಕು. ಏನು ಮಾತಾಡಬೇಕೆಂದು ಕೇಳಿದ್ದಕ್ಕೆ "ನಿನ್ನ ಜೀವನ ಚರಿತ್ರೆ" ಎಂದಳು. ನೆನೆಸು, ಕುದಿಸು, ಜಾಲಿಸು, ಮತ್ತೆ ನೆನೆಸು. ಗುಲಾಬಿ ತಿಳಿಯಾಯಿತು, ಹಳದಿಯಾಯಿತು, ಕೊನೆಗೆ ಬಿಳಿಯಾಯಿತು. ಉರುಳೆ ಬಿಸಿಯಾಗಿ ತಿರುಗಿತು. ಮೇಜುಬಟ್ಟೆಗಳು ಒಂದರ ಹಿಂದೆ ಒಂದು ಗರಿಗರಿಯಾಗಿ ಹೊರಗೆ ಬಂದವು. ಡ್ರೈವರ್ ಬಂದು ಒಯ್ದ. ಅಷ್ಟು ಚೆನ್ನಾಗಿ ಆ ಲಾಂಡ್ರಿ ಯಾವತ್ತೂ ಓಡಿರಲಿಲ್ಲ.

ಬೀದಿದೀಪ ಹತ್ತಿತು.

ದೊಡ್ಡಮ್ಮ ಅದನ್ನು ನೋಡಿದಳು. ಕಿಟಕಿ ಪಕ್ಕದಲ್ಲೇ ನಿಂತವಳು ನೋಡದೆ ಇರುವುದು ಹೇಗೆ? ನೋಡಿಯೂ, "ಉಳಿದ ಹೊದಿಕೆಗಳನ್ನೂ ತನ್ನಿ!" ಎಂದಳು. ತಂದರು. "ತೂಕಡಿಕೆ, ಇನ್ಮೇಲೆ ನಿಂತ್ಕೊಂಡೇ ಇರಬೇಕು ನೀನು!" ಅವನು ನಿಂತ. "ಮಾಮ, ಆ ಮೀಸೆ ಕತ್ತರಿಸ್ಕೊಳ್ಳಿ, ಬಟ್ಟೆ ಮೇಲೆ ಉದುರುತ್ತೆ!" ಮಾಮ ಮೀಸೆ ಮುಟ್ಟಿಕೊಂಡ. "ಅತ್ತಿಗೆ ನಾದಿನಿ ಇಬ್ಬರೂ ನಾಳೆಯಿಂದ ಮಾತಾಡಲೇಬೇಕು, ನನ್ನ ಆಜ್ಞೆ! ನಾಳೆಯಿಂದ ರೇಡಿಯೋ ನಾನು ಹೇಳಿದಾಗ! ನಾಳೆಯಿಂದ..."

ಉರುಳೆ ನಿಂತಿತು.

ಎಲ್ಲರೂ ಮೊದಲು ತಮ್ಮ ತಮ್ಮ ಬೆರಳು ನೋಡಿಕೊಂಡರು. ಎಲ್ಲ ಇದ್ದವು. ಆಮೇಲೆ ಹಗ್ಗದ ಕಡೆ ನೋಡಿದರು. ಆ ತುದಿಯಲ್ಲಿ ನಾದಿನಿ, ಅತ್ತಿಗೆಯ ರಬ್ಬರ್ ಕೈಗವಸು ತೊಟ್ಟ ಕೈಯಲ್ಲಿ ಕೆಂಪು ಹಗ್ಗವನ್ನು ಎಳೆದು ಹಿಡಿದುಕೊಂಡೇ ನಿಂತಿದ್ದಳು.

"ದೀಪ ಹತ್ತಿತು, ಅಕ್ಕಾ," ಎಂದಳು.

ದೊಡ್ಡಮ್ಮನ ಮುಖಕ್ಕೆ ರಕ್ತ ನುಗ್ಗಿತು. ಒಂದು ಉಸಿರಿನಷ್ಟು ಹೊತ್ತು ಅವಳಿಗೆ ಆ ಹುಡುಗಿಯ ಮೇಲೆ ಎಂಥ ಸಿಟ್ಟು ಬಂತೆಂದರೆ, "ಅಷ್ಟು ಸಿಟ್ಟು ನನ್ನೊಳಗೆ ಇದೆ ಅಂತ ನಂಗೇ ಗೊತ್ತಿರಲಿಲ್ಲ ಕಣೇ," ಎಂದಳು ನನಗೆ. ಬೈಯಲು ಬಾಯಿ ತೆರೆದಳು. ಆದರೆ ಪದ್ಧತಿ ಇದೆಯಲ್ಲ, ಮೊದಲು ಬೆರಳು ನೋಡಬೇಕು. ತನ್ನ ಬೆರಳು ನೋಡಿದಳು. ಅದು ಮಾಮನ ಮೀಸೆಯನ್ನು ತೋರಿಸುತ್ತಾ ಗಾಳಿಯಲ್ಲಿ ಹಾಗೇ ನಿಂತಿತ್ತು. ಭುಜ ನಕ್ಕಿತು. ಹೊಟ್ಟೆ ನಕ್ಕಿತು. ಸ್ಟೂಲಿನಿಂದ ಇಳಿಯಲಾರದೆ ಮಾಮನ ಹೆಗಲ ಮೇಲೆ ಬಿದ್ದು ನಕ್ಕಳು.

ಮೆಟ್ಟಿಲಲ್ಲಿ ಕೀಲಿಕೈ ಸದ್ದಾಯಿತು. ಎಲ್ಲರ ಕೈಗೂ ಕೆಲಸ ನೆನಪಾಯಿತು, ಆದರೆ ಉರುಳೆ ನಿಂತಿತ್ತು. ಯಜಮಾನಿ ಕೋಲೂರಿಕೊಂಡು ಒಳಗೆ ಬಂದಳು, ಹಿಂದೆಯೇ ಟೇಪು.

"ಯಾರ ಕೈ?" ಎಂದಳು.

ಟೇಪು ಉದ್ದವಾಗತೊಡಗಿತು.

ದೊಡ್ಡಮ್ಮ ಹೇಳಿದಳು, "ಕೀಲಿಕೈ ಯಾರಿಗಾದ್ರೂ ಕೊಡಿ, ಯಜಮಾನಿಯವರೇ. ನಮ್ಮಲ್ಲಿ ಯಾರು ಹಿಡಿದ್ರೂ ಒಂದಷ್ಟು ಚೆನ್ನಾಗಿ ನಡಿಯುತ್ತೆ, ಒಂದಷ್ಟು ದಿನಕ್ಕೆ ತಲೆ ತಿರುಗುತ್ತೆ. ನಂದು ಅರ್ಧ ದಿನಕ್ಕೇ ತಿರುಗ್ತು. ಅದಕ್ಕೇ, ಹಿಡಿಯೋ ಕೈ ಯಾವುದು ಅಂತ ಮಾತ್ರ ಕೇಳಬೇಡಿ. ನಿಲ್ಲಿಸೋ ಕೈ ಯಾವುದು ಅಂತಾನೂ ಕೇಳಿ." ಎಂದು ನಾದಿನಿಯ ಕೈಗವಸಿನ ಕೈ ತೋರಿಸಿದಳು.

ಯಜಮಾನಿ ಹಗ್ಗವನ್ನು ನೋಡಿದಳು. ಹುಬ್ಬು ಏರಲಿಲ್ಲ. "ನಾನಿದ್ದಷ್ಟು ಕಾಲ ಯಾರೂ ನನ್ನ ಮಾತಿಗೆ ಅದನ್ನ ಎಳೀಲಿಲ್ಲ," ಎಂದಳು.

"ಆಸೆ ಇತ್ತು," ಎಂದಳು ಅತ್ತಿಗೆ. ಈ ಸಲ ಡ್ರಮ್ಮಿಗಲ್ಲ, ನೇರವಾಗಿ. ಯಜಮಾನಿ ನಕ್ಕದ್ದನ್ನು ಅವರೆಲ್ಲ ಅವತ್ತೇ ಮೊದಲು ನೋಡಿದ್ದು.

ಕೂತು ಮಾತಾಡಿದರು. ಬೆಂಕಿಯ ವಿಷಯ ಮಾಮನದೇ, ಅದಕ್ಕೆ ಕೈ ಎತ್ತುವುದಿಲ್ಲ. ಆದರೆ ಡ್ರೈವರಿಗೂ ಅದನ್ನು ಕಲಿಸಬೇಕು. ಮೈಕೈಗೆ ತಾಗುವ ವಿಷಯ, ರಜ, ಸೋಪು ಎಲ್ಲದಕ್ಕೂ ಎಲ್ಲರ ಮಾತು. ಸರಿಸಮವಾದರೆ ಒಂಟಿ ಕಾಲುಚೀಲ. ಯಾವ ಹೊಸ ಕೆಲಸ ಶುರು ಮಾಡುವ ಮೊದಲೂ ಅದನ್ನು ಮಾಡದೆ ಇರಬಹುದೇ ಎಂದು ತೂಕಡಿಕೆಯನ್ನು ಕೇಳಬೇಕು. ಕೀಲಿಕೈ ಒಬ್ಬರ ಬಳಿ, ಈಜುಕೊಳದವರು ವರ್ಷಕ್ಕೊಮ್ಮೆ ನೀರು ಬದಲಿಸುವ ತನಕ, ಆಮೇಲೆ ಇನ್ನೊಬ್ಬರಿಗೆ. ಮೊದಲ ಸರದಿಗೆ ಕೈ ಎತ್ತಿದಾಗ ದೊಡ್ಡಮ್ಮನ ಕಡೆ ನಾಲ್ಕು ಬಂದವು. ನಾಲ್ಕನೆಯದು ಮಾಮನದು.

"ಮೀಸೆ ಉಳಿದ್ರೆ ಮಾತ್ರ," ಎಂದ.

ಗೊಂಚಲು ದೊಡ್ಡಮ್ಮನ ಏಪ್ರನ್ನಿಗೆ ಬಂತು. ಟೇಪು ಪೂರ್ತಿ ಸುತ್ತಿಕೊಂಡು ಪಕ್ಕದ ಅಂಗಡಿಗೆ ಹೋಯಿತು.

ಹೋದ ತಿಂಗಳು ಈಜುಕೊಳದ ನೀರು ಬದಲಾಯಿತು. ಸರದಿ ನಾದಿನಿಯದು. ದೊಡ್ಡಮ್ಮ ಏಪ್ರನ್ನಿನೊಳಗೆ ಕೈ ಹಾಕಿದಳು. ಗೊಂಚಲು ಸಿಕ್ಕಿತು, ಆದರೆ ಕೈ ಹೊರಗೆ ಬರಲು ತಡಮಾಡಿತು. ಅವಳು ಏನೇನೋ ಮಾತು ತೆಗೆದಳು. ಅತ್ತಿಗೆ ಏನೂ ಹೇಳದೆ ಎದ್ದು ನಡೆದು ಹಗ್ಗದ ಪಕ್ಕ ನಿಂತಳಂತೆ. ಅಷ್ಟೇ. ಗೊಂಚಲು ಹೊರಗೆ ಬಂತು.

ಆ ಸಂಜೆ ದೊಡ್ಡಮ್ಮ ಊಟ ಬಡಿಸುತ್ತಾ ಇದನ್ನೆಲ್ಲ ಮೊದಲಿನಿಂದ ಹೇಳತೊಡಗಿದಳು. ರಾಜ, ಸಭೆ, ಕಾಲುಚೀಲ, ಡ್ರಮ್ಮು. ಹೇಳುವ ಉತ್ಸಾಹಕ್ಕೆ ಲಾಂಡ್ರಿಯ ಹಳೆಯ ಹಗ್ಗದ ತುಂಡೊಂದನ್ನು ತಂದು ಅಡುಗೆಮನೆಯ ಬಾಗಿಲಿಗೆ ಅಡ್ಡವಾಗಿ, ಅಜ್ಜಿಯ ಕುರ್ಚಿಯ ಮೇಲೆಯೇ ಕಟ್ಟಿದಳು. "ಇನ್ಮೇಲೆ ಈ ಮನೇಲೂ ಇದಿರುತ್ತೆ ಅತ್ತೆ. ಯಾರು ಬೇಕಾದ್ರೂ ಎಳೀಬಹುದು. ಯಾಕಂದ್ರೆ ರೇಡಿಯೋದಲ್ಲಿ ಹೇಳ್ತಿದ್ರು, ಯಾವ ಆಳ್ವಿಕೆ ಆದ್ರೂ..."

ದೊಡ್ಡಪ್ಪನ ತಟ್ಟೆ ಖಾಲಿಯಾಗಿತ್ತು. ಸೌಟು ದೊಡ್ಡಮ್ಮನ ಕೈಯಲ್ಲಿ ಗಾಳಿಯಲ್ಲಿತ್ತು. ಅಜ್ಜಿ ತಲೆ ಎತ್ತಿ ಹಗ್ಗವನ್ನು ನೋಡಿದಳು, ಕೈ ಚಾಚಿದಳು, ಎಳೆದಳು.